ಬಚ್ಚಲುಮನೆಗೆ ಯಾವ ನೆಲ?



ಮನೆಯನ್ನು ಕುರಿತು ಬರೆಯುವವರು ತಲೆಬಾಗಿಲನ್ನು ವರ್ಣಿಸುತ್ತಾರೆ, ಪಡಸಾಲೆಯನ್ನು ವರ್ಣಿಸುತ್ತಾರೆ, ದೇವರ ಕೋಣೆಯನ್ನೂ ವರ್ಣಿಸುತ್ತಾರೆ. ಬಚ್ಚಲುಮನೆಯನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಆದರೆ ಹಸುಗೂಸಿನಿಂದ ಹಿಡಿದು ಹಣ್ಣುಹಣ್ಣು ಮುದುಕರವರೆಗೆ ಮನೆಯವರೆಲ್ಲರೂ ದಿನವೂ ಬರಿಗಾಲಿನಲ್ಲಿ ನಿಲ್ಲುವ, ದಿನವೂ ನೀರಿನಿಂದ ತೋಯುವ ನೆಲ ಅದೊಂದೇ. ಆ ನೆಲವನ್ನು ಯಾವುದರಿಂದ ಮಾಡಬೇಕು, ಅದು ನಮಗೆ ಕ್ಷೇಮವಾಗಿಯೂ ಭೂಮಿಗೆ ಭಾರವಾಗದಂತೆಯೂ ಇರಬೇಕಾದರೆ ಏನೇನನ್ನು ವಿಚಾರಿಸಬೇಕು ಎಂಬುದೇ ಈ ಪಾಠದ ವಿಷಯ.

ಇದು ದೊಡ್ಡವರ ವ್ಯವಹಾರ, ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ಮುಂಬಯಿಯಲ್ಲಿ ಹಳೆಯ ಚಾಳುಗಳು ಒಂದೊಂದಾಗಿ ಉರುಳುತ್ತಿವೆ. ಅವುಗಳ ಸ್ಥಳದಲ್ಲಿ ಎತ್ತರದ ಕಟ್ಟಡಗಳು ಏಳುತ್ತಿವೆ. ನಿಮ್ಮಲ್ಲಿ ಕೆಲವರು ಹೊಸ ಮನೆಗೆ ಹೋಗಿರುವಿರಿ. ಇನ್ನು ಕೆಲವರ ಮನೆಗಳಲ್ಲಿ ದುರಸ್ತಿಯ ಮಾತು ನಡೆದಿದೆ. ಅಂಗಡಿಯವನು ಬಣ್ಣಬಣ್ಣದ ಪುಸ್ತಕವನ್ನು ತಂದು ಮುಂದಿಟ್ಟಾಗ ತಂದೆತಾಯಿಗಳು ನಿಮ್ಮನ್ನೇ ಕರೆದು, “ಯಾವುದು ಚೆಂದ?” ಎಂದು ಕೇಳುತ್ತಾರೆ. ಬಣ್ಣವನ್ನು ತೋರಿಸುವ ಮೊದಲು ಬೇರೆ ನಾಲ್ಕು ಪ್ರಶ್ನೆಗಳನ್ನು ಕೇಳುವುದು ನಿಮಗೆ ತಿಳಿದಿರಬೇಕು. ನಮಗೆ ಅದು ತಿಳಿದಿರಲಿಲ್ಲ. ಅದರಿಂದ ಆದ ಕಷ್ಟವನ್ನು ಮೊದಲು ಹೇಳಿಬಿಡುವೆವು.

ನಾವು ಮಾಡಿದ ತಪ್ಪು

ನಾವು ವಾಸಿಸುವುದು ಒಂದು ಹಳೆಯ ಚಾಳಿನ ಎರಡು ಕೋಣೆಗಳಲ್ಲಿ. ಊರಿನಲ್ಲಿ ಮೋರಿ ಎಂದರೆ ಚರಂಡಿ. ಈ ನಗರದ ಚಾಳುಗಳಲ್ಲಿ ಮೋರಿ ಎಂದರೆ ಸ್ನಾನಕ್ಕೂ ಪಾತ್ರೆ ತಿಕ್ಕುವುದಕ್ಕೂ ಇರುವ ಮೂಲೆ. ನಮ್ಮ ಮೋರಿಯ ನೆಲದಲ್ಲಿ ಶಹಾಬಾದಿನ ಬೂದುಬಣ್ಣದ ಫರಸಿ ಇದ್ದಿತು. ಹಾಸಿದವರು ಯಾರೆಂದು ಚಾಳಿನಲ್ಲಿ ಈಗ ಯಾರಿಗೂ ತಿಳಿಯದು. ಅಂಚುಗಳು ಸವೆದಿದ್ದರೂ ಕಲ್ಲು ಗಟ್ಟಿಯಾಗಿಯೇ ಇದ್ದಿತು. ಸಂದುಗಳಲ್ಲಿ ಮಾತ್ರ ಗಾರೆ ಉದುರಿ, ಕಪ್ಪು ಹಿಡಿದು, ನೋಡುವುದಕ್ಕೆ ಅಸಹ್ಯವಾಗಿದ್ದಿತು.

ಮೂರು ವರ್ಷಗಳ ಹಿಂದೆ ಕೈಯಲ್ಲಿ ಸ್ವಲ್ಪ ಹಣ ಸೇರಿತು. ನೆರೆಮನೆಯವರು ಬಿಳಿಯ ಹೊಳಪಿನ ಟೈಲು ಹಾಕಿಸಿದ್ದನ್ನು ಕಂಡಿದ್ದೆವು; ನಮಗೂ ಅದೇ ಬೇಕೆನಿಸಿತು. ಗೌಂಡಿಯನ್ನು ಕರೆತಂದು ಫರಸಿಯನ್ನು ಕೀಳಿಸತೊಡಗಿದೆವು. ಆಗ ಊರಿನಿಂದ ಬಂದಿದ್ದ ನಮ್ಮ ತಾಯಿಯವರು ಹೊಸ್ತಿಲಲ್ಲಿ ನಿಂತು, “ಯಪ್ಪಾ, ಈ ಪರಸಿ ನಮ್ಮ ಕಡೀದೇ ಅದ. ಗಟ್ಟಿ ಇದ್ದದ್ದು ಯಾಕ ಕೀಳಿಸ್ತಿ?” ಎಂದರು. ನಮ್ಮ ಊರು ಕಲಬುರಗಿ ಜಿಲ್ಲೆಯಲ್ಲಿ, ಶಹಾಬಾದಿಗೆ ದೂರವಲ್ಲ. ನಾವು ನಕ್ಕು ಸುಮ್ಮನಾದೆವು. ಸಂಜೆಯ ಹೊತ್ತಿಗೆ ಆ ಕಲ್ಲುಗಳು ಒಡೆದ ರಾಶಿಯಾಗಿ ಗೋಣಿಚೀಲಗಳಲ್ಲಿ ಬೀದಿಯ ಬದಿಗೆ ಬಿದ್ದವು.

ಹೊಸ ನೆಲ ಕನ್ನಡಿಯಂತೆ ಹೊಳೆಯಿತು. ಎಂಟು ದಿನಗಳೂ ಕಳೆದಿರಲಿಲ್ಲ. ತಾಯಿಯವರು ಸ್ನಾನಕ್ಕೆ ಹೋದವರು ಸಾಬೂನಿನ ನೀರಿನ ಮೇಲೆ ಕಾಲಿಟ್ಟು ಜಾರಿದರು. ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಕೈಯನ್ನು ಕಟ್ಟಿಕೊಂಡು ಕುಳಿತರು. ಆ ಕೈ ಈಗಲೂ ರೊಟ್ಟಿ ಬಡಿಯಲು ಬಾರದು. ಗೌಂಡಿಯದು ತಪ್ಪಲ್ಲ, ಅಂಗಡಿಯವನದೂ ತಪ್ಪಲ್ಲ. ಕೇಳಬೇಕಾದುದನ್ನು ಕೇಳದೆ ಹೊಳಪನ್ನು ಮಾತ್ರ ನೋಡಿದ ತಪ್ಪು ನಮ್ಮದು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ನಾವೇ ತರಗತಿಯಲ್ಲಿ ನಿಮಗೆ ವಿವರಿಸಿದ್ದೆವು!

ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಅಂದಿನಿಂದ ನಾವು ಈ ವಿಷಯವನ್ನು ಓದಿ, ತಿಳಿದವರನ್ನು ಕೇಳಿ, ನಾಲ್ಕು ಪ್ರಶ್ನೆಗಳಲ್ಲಿ ಸಂಗ್ರಹಿಸಿದ್ದೇವೆ.

ಮೊದಲನೆಯದು: ಈ ವಸ್ತು ಎಲ್ಲಿ ಹುಟ್ಟಿತು, ಎಷ್ಟು ಬೆಂಕಿಯನ್ನು ತಿಂದು ತಯಾರಾಯಿತು?
ಎರಡನೆಯದು: ಎಷ್ಟು ದೂರದಿಂದ, ಎಷ್ಟು ಭಾರವಾಗಿ ನಮ್ಮ ಮನೆಗೆ ಬಂದಿತು?
ಮೂರನೆಯದು: ಒದ್ದೆಯಾದಾಗ ಕಾಲನ್ನು ಹಿಡಿಯುವುದೋ, ಜಾರಿಸುವುದೋ?
ನಾಲ್ಕನೆಯದು: ಎಷ್ಟು ಕಾಲ ಬಾಳುವುದು, ಕಿತ್ತ ಮೇಲೆ ಎಲ್ಲಿಗೆ ಹೋಗುವುದು?

ಪರಿಸರಕ್ಕೆ ಹಿತವಾದ ನೆಲವೆಂದು ಹೇಳುವಾಗ ಜನರು ಸಾಮಾನ್ಯವಾಗಿ ಮೊದಲನೆಯ ಪ್ರಶ್ನೆಯನ್ನು ಮಾತ್ರ ಕೇಳುತ್ತಾರೆ. ಬಚ್ಚಲಿನ ಮಟ್ಟಿಗೆ ನಾಲ್ಕಕ್ಕೂ ಉತ್ತರ ಬೇಕು. ಒಂದರಲ್ಲಿ ಗೆದ್ದ ವಸ್ತು ಇನ್ನೊಂದರಲ್ಲಿ ಸೋಲಬಹುದು.

ಶಹಾಬಾದಿನ ಕಲ್ಲು

ನಾವು ಒಡೆಸಿದ ಕಲ್ಲಿನಿಂದಲೇ ಆರಂಭಿಸೋಣ. ಶಹಾಬಾದು ಕಲಬುರಗಿ ಜಿಲ್ಲೆಯ ಒಂದು ಊರು. ಭೀಮಾ ನದಿಯ ಆ ಪ್ರದೇಶವು ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳವಾಗಿದ್ದಿತು. ಆ ಸಮುದ್ರದ ತಳದಲ್ಲಿ ಸುಣ್ಣದ ಕೆಸರು ಪದರಪದರವಾಗಿ ಕುಳಿತು, ಮೇಲಿನ ಭಾರಕ್ಕೆ ಗಟ್ಟಿಯಾಗಿ, ಸುಣ್ಣಕಲ್ಲಾಯಿತು. ಅದು ಪದರವಾಗಿ ಹುಟ್ಟಿದುದರಿಂದ ಪದರವಾಗಿಯೇ ಸೀಳುತ್ತದೆ. ಸಂದಿಗೆ ಉಳಿಯನ್ನಿಟ್ಟು ಸುತ್ತಿಗೆಯಿಂದ ಹೊಡೆದು, ಹಾರೆಯಿಂದ ಮೀಟಿದರೆ ಚಪ್ಪಡಿ ಎದ್ದುಬರುತ್ತದೆ. ಅದನ್ನು ಬೇಯಿಸಬೇಕಾಗಿಲ್ಲ, ಕರಗಿಸಬೇಕಾಗಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಇದೇ ಕಲ್ಲು ನೆಲಕ್ಕೂ ಬಚ್ಚಲಿಗೂ ಮಾತ್ರವಲ್ಲ, ಮನೆಯ ಮಾಳಿಗೆಗೂ ಬರುತ್ತದೆ.

1871ರಲ್ಲಿ ಮುಂಬಯಿಯಿಂದ ಹೊರಟ ರೈಲುಮಾರ್ಗವು ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿತು. ಶಹಾಬಾದು ಆ ಹಾದಿಯ ಮೇಲೆಯೇ ಇದೆ. ಹೀಗಾಗಿ ನಮ್ಮ ನಾಡಿನ ಕಲ್ಲು ಈ ನಗರದ ಚಾಳುಗಳ ಮೋರಿಗಳಿಗೂ ಅಂಗಳಗಳಿಗೂ ಕಾಲುದಾರಿಗಳಿಗೂ ಬಂದು ಸೇರಿತು. ಇಲ್ಲಿನ ಮರಾಠಿ ನೆರೆಹೊರೆಯವರು ಇದನ್ನು ಶಹಾಬಾದಿ ಫರಶಿ, ಲಾದಿ ಎಂದು ಕರೆಯುತ್ತಾರೆ. ನಮ್ಮ ಹಿರಿಯರು ಹೊಟ್ಟೆಯ ಪಾಡಿಗಾಗಿ ಬಂದ ಹಾದಿಯಲ್ಲಿಯೇ ಅವರ ಊರಿನ ಕಲ್ಲೂ ಬಂದಿತೆಂಬುದನ್ನು ಮರೆಯಬಾರದು.

ಈಗ ರಸಾಯನಶಾಸ್ತ್ರದ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಸುಣ್ಣಕಲ್ಲಿನ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಅದರಲ್ಲಿ ಕ್ಯಾಲ್ಸಿಯಂ 40 ಭಾಗ, ಇಂಗಾಲ 12 ಭಾಗ, ಆಮ್ಲಜನಕ 48 ಭಾಗ, ಒಟ್ಟು 100. ಇದನ್ನು ಭಟ್ಟಿಯಲ್ಲಿ ಸುಟ್ಟರೆ ಇಂಗಾಲದ 12 ಭಾಗವೂ ಆಮ್ಲಜನಕದ 32 ಭಾಗವೂ ಕೂಡಿ, 44 ಭಾಗ ಇಂಗಾಲದ ಡೈ ಆಕ್ಸೈಡ್ ವಾಯುವಾಗಿ ಆಕಾಶಕ್ಕೆ ಹೋಗುತ್ತದೆ. 56 ಭಾಗ ಸುಣ್ಣವಾಗಿ ಉಳಿಯುತ್ತದೆ. ಅಂದರೆ ಒಂದು ಕಿಲೋಗ್ರಾಂ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ 440 ಗ್ರಾಂ ವಾಯು ಹೊರಡುವುದು. ಸುಡುವುದಕ್ಕೆ ಉರಿಸಿದ ಕಲ್ಲಿದ್ದಲಿನ ಹೊಗೆ ಇದಕ್ಕೆ ಬೇರೆಯಾಗಿ ಸೇರುವುದು.

ಸಿಮೆಂಟನ್ನು ಮಾಡುವುದು ಹೀಗೆಯೇ. ಸುಣ್ಣಕಲ್ಲನ್ನು ಪುಡಿಮಾಡಿ, ಜೇಡಿಯೊಡನೆ ಬೆರೆಸಿ, ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೇಯಿಸುತ್ತಾರೆ. ಜಗತ್ತಿನಲ್ಲಿ ಮನುಷ್ಯನು ಹೊರಬಿಡುವ ಇಂಗಾಲದ ಡೈ ಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಭಾಗ ಸಿಮೆಂಟಿನಿಂದ ಬರುತ್ತದೆ. ಶಹಾಬಾದಿನ ಸಮೀಪದ ವಾಡಿಯಲ್ಲಿಯೂ ದೊಡ್ಡ ಸಿಮೆಂಟ್ ಕಾರ್ಖಾನೆ ಇದೆ. ಒಂದೇ ಸೀಮೆಯ ಸುಣ್ಣಕಲ್ಲು ಸೀಳಿದರೆ ಫರಸಿಯಾಗುತ್ತದೆ, ಸುಟ್ಟರೆ ಸಿಮೆಂಟಾಗುತ್ತದೆ. ಸೀಳಿದ ಕಲ್ಲಿನಲ್ಲಿ ಆ 44 ಭಾಗವೂ ಕಲ್ಲಿನೊಳಗೆಯೇ ಸೆರೆಯಾಗಿ ಉಳಿಯುವುದು. ಫರಸಿಯ ದೊಡ್ಡ ಗುಣ ಇದೇ.

ಹಾಗೆಂದು ಫರಸಿಯಲ್ಲಿ ದೋಷವೇ ಇಲ್ಲವೆಂದು ತಿಳಿಯಬಾರದು. ಗಣಿ ತೋಡಿದ ಕಡೆ ಹೊಲ ಹೋಗಿ ಹೊಂಡ ಉಳಿಯುತ್ತದೆ. ಒಡೆದ ಕಲ್ಲಿನ ರಾಶಿ ಬೆಟ್ಟದಂತೆ ಬೆಳೆಯುತ್ತದೆ. ಬಿಸಿಲಿನಲ್ಲಿ ಧೂಳು ಕುಡಿದು ದುಡಿಯುವವರು ಬಡಜನ. ಭೂಮಿಗೆ ನೋವಾಗದಂತೆ ತಯಾರಾಗುವ ನೆಲವು ಯಾವುದೂ ಇಲ್ಲ. ಹೆಚ್ಚು ಕಡಿಮೆಯ ವ್ಯತ್ಯಾಸವಷ್ಟೇ ಉಂಟು. ಆದುದರಿಂದಲೇ ಬಂದ ಕಲ್ಲನ್ನು ಬಹುಕಾಲ ಬಾಳಿಸುವುದು ನಮ್ಮ ಕರ್ತವ್ಯ.

ಭಾರದ ಲೆಕ್ಕ

ಎರಡನೆಯ ಪ್ರಶ್ನೆಗೆ ಗಣಿತ ಬೇಕು. ನಮ್ಮ ಮೋರಿಯ ಉದ್ದ ಒಂದೂವರೆ ಮೀಟರು, ಅಗಲ 1.2 ಮೀಟರು. ಕ್ಷೇತ್ರಫಲ 1.8 ಚದರ ಮೀಟರು. ಫರಸಿಯ ದಪ್ಪ ಎರಡೂವರೆ ಸೆಂಟಿಮೀಟರು, ಅಂದರೆ 0.025 ಮೀಟರು. ಘನಫಲ 0.045 ಘನ ಮೀಟರು. ಇಂಥ ಕಲ್ಲು ಘನ ಮೀಟರಿಗೆ ಸುಮಾರು 2600 ಕಿಲೋಗ್ರಾಂ ತೂಗುತ್ತದೆ. ಹಾಗಾದರೆ ನೆಲದ ಒಟ್ಟು ತೂಕ 117 ಕಿಲೋಗ್ರಾಂ.

ಅದೇ ನೆಲಕ್ಕೆ ಎಂಟು ಮಿಲಿಮೀಟರು ದಪ್ಪದ ವಿಟ್ರಿಫೈಡ್ ಟೈಲನ್ನು ಹಾಕಿದರೆ ಘನಫಲ 0.0144 ಘನ ಮೀಟರು. ಘನ ಮೀಟರಿಗೆ 2300 ಕಿಲೋಗ್ರಾಮಿನಂತೆ ತೂಕ ಸುಮಾರು 33 ಕಿಲೋಗ್ರಾಂ. ಕಲ್ಲಿನ ಭಾರ ಮೂರೂವರೆ ಪಟ್ಟು!

ಶಹಾಬಾದು ಮುಂಬಯಿಗೆ ರೈಲಿನಲ್ಲಿ ಸುಮಾರು 600 ಕಿಲೋಮೀಟರು. ಟೈಲುಗಳಿಗೆ ಪ್ರಸಿದ್ಧವಾದ ಗುಜರಾತಿನ ಮೋರ್ಬಿ ಇಲ್ಲಿಗೆ 700 ಕಿಲೋಮೀಟರಿಗೂ ಹೆಚ್ಚು. ದೂರದಲ್ಲಿ ಕಲ್ಲು ಗೆದ್ದರೂ ಭಾರದಲ್ಲಿ ಸೋಲುತ್ತದೆ. ಲಾರಿಯಲ್ಲಿ ತಂದರೆ ಟೈಲಿಗಿಂತ ಕಲ್ಲಿಗೆ ಹೆಚ್ಚು ಡೀಸೆಲ್ ಖರ್ಚಾಗುವುದು. ರೈಲಿನಲ್ಲಿ ತಂದರೆ ಅದೇ ಭಾರಕ್ಕೆ ಖರ್ಚಾಗುವ ಇಂಧನ ಲಾರಿಗಿಂತ ಬಹಳ ಕಡಿಮೆ. ಹೀಗಿರಲು, ಕಲ್ಲನ್ನು ಆರಿಸುವವರು ಹತ್ತಿರದ ಕಲ್ಲನ್ನೇ ಆರಿಸತಕ್ಕದ್ದು. ದಿಲ್ಲಿಯವರು ಶಹಾಬಾದಿನ ಕಲ್ಲನ್ನು ತರಿಸುವುದು ಜಾಣತನವಲ್ಲ; ಅವರಿಗೆ ರಾಜಸ್ಥಾನದ ಕೋಟಾ ಕಲ್ಲು ಹತ್ತಿರ. ಹೈದರಾಬಾದಿನವರಿಗೆ ತೆಲಂಗಾಣದ ತಾಂಡೂರಿನ ಕಲ್ಲು ಮನೆಬಾಗಿಲಲ್ಲಿಯೇ ಇದೆ; ಚೆನ್ನೈಯವರಿಗೆ ಆಂಧ್ರದ ಕಡಪದ ಕರಿಕಲ್ಲು ಸಮೀಪ. ಇವೆಲ್ಲವೂ ಸುಣ್ಣಕಲ್ಲಿನ ಜಾತಿಯವೇ.

ಈ ಲೆಕ್ಕದಲ್ಲಿ ನಾವು ಮರೆತ ಸಂಖ್ಯೆಯೊಂದು ಉಂಟು. ಮನೆಯಲ್ಲಿ ಆಗಲೇ ಇದ್ದ ಕಲ್ಲು ಪ್ರಯಾಣ ಮಾಡಬೇಕಾದ ದೂರವೆಷ್ಟು? ಸೊನ್ನೆ. ಅದಕ್ಕೆ ಹೊಸದಾಗಿ ತೋಡಬೇಕಾದ ಗಣಿ ಎಷ್ಟು? ಸೊನ್ನೆ. ಅದಕ್ಕೆ ಬೇಕಾದ ಬೆಂಕಿ? ಅದೂ ಸೊನ್ನೆ. ಇದ್ದ ನೆಲವನ್ನು ಉಳಿಸಿಕೊಂಡು, ಸಂದುಗಳನ್ನು ಕೆರೆದು ಹೊಸ ಗಾರೆಯನ್ನು ತುಂಬಿಸಿದ್ದರೆ ನಮ್ಮ ಖರ್ಚು ಒಂದು ಬುಟ್ಟಿ ಗಾರೆ, ಗೌಂಡಿಯ ಒಂದು ದಿನದ ಕೂಲಿ, ಅಷ್ಟೇ. ಅದರ ಬದಲು 117 ಕಿಲೋಗ್ರಾಂ ಒಳ್ಳೆಯ ಕಲ್ಲನ್ನು ಕಸವನ್ನಾಗಿ ಮಾಡಿದೆವು.

ಇತರ ನೆಲಗಳು

ಹಳೆಯ ನೆಲವು ನಿಜವಾಗಿಯೂ ಕೆಟ್ಟಿದ್ದರೆ, ಅಥವಾ ಮನೆಯೇ ಹೊಸದಾಗಿದ್ದರೆ ಬೇರೆಯದನ್ನು ಆರಿಸಲೇಬೇಕು. ಆಗ ಮುಂದಿನ ವಸ್ತುಗಳನ್ನು ವಿಚಾರಿಸಬಹುದು.

ವಿಟ್ರಿಫೈಡ್ ಟೈಲು. ಜೇಡಿ ಮೊದಲಾದ ಖನಿಜಗಳ ಪುಡಿಯನ್ನು ಒತ್ತಿ, ಸುಮಾರು 1200 ಡಿಗ್ರಿ ಉಷ್ಣತೆಯಲ್ಲಿ ಸುಟ್ಟು ಇದನ್ನು ಮಾಡುತ್ತಾರೆ. ಆ ಉಷ್ಣತೆಯಲ್ಲಿ ಪುಡಿಯ ಕಣಗಳು ಅರೆಕರಗಿ ಗಾಜಿನಂತೆ ಅಂಟಿಕೊಳ್ಳುವುದರಿಂದ ಅದು ತನ್ನ ತೂಕದ ನೂರಕ್ಕೆ ಅರ್ಧಭಾಗದಷ್ಟು ನೀರನ್ನು ಸಹ ಹೀರುವುದಿಲ್ಲ. ಆಮ್ಲಕ್ಕೆ ಬೆದರುವುದಿಲ್ಲ, ಬೇಗನೆ ಸವೆಯುವುದಿಲ್ಲ. ಇವು ನಿಜವಾದ ಗುಣಗಳು. ದೋಷವೆಂದರೆ ಬೆಂಕಿ. ಮೋರ್ಬಿಯ ಕಾರ್ಖಾನೆಗಳಲ್ಲಿ ಹಿಂದೆ ಕಲ್ಲಿದ್ದಲಿನಿಂದ ಅನಿಲವನ್ನು ತೆಗೆದು ಭಟ್ಟಿಗಳನ್ನು ಉರಿಸುತ್ತಿದ್ದರು. ಅದರಿಂದ ಗಾಳಿಯೂ ನೀರೂ ಕೆಟ್ಟವೆಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ಆ ಪದ್ಧತಿಯನ್ನು ನಿಲ್ಲಿಸಬೇಕೆಂದು ಆಜ್ಞೆಮಾಡಿತು. ಒಡೆದ ಟೈಲು ಮಣ್ಣಿನಲ್ಲಿ ಕರಗುವುದೂ ಇಲ್ಲ. ಆದುದರಿಂದ ಟೈಲನ್ನು ಹಾಕಿದವರು ಬಣ್ಣ ಬೇಸರವಾಯಿತೆಂದು ಐದು ವರ್ಷಕ್ಕೊಮ್ಮೆ ಬದಲಿಸಕೂಡದು.

ಸಿಮೆಂಟಿನ ಬಿಲ್ಲೆ. ಇದನ್ನು ಸುಡುವುದಿಲ್ಲ; ಅಚ್ಚಿನಲ್ಲಿ ಬಣ್ಣವನ್ನೂ ಸಿಮೆಂಟನ್ನೂ ಹಾಕಿ, ಒಣಗಿಸಿ, ನೀರಿನಲ್ಲಿ ಮುಳುಗಿಸಿಟ್ಟು ಗಟ್ಟಿಮಾಡುತ್ತಾರೆ. ತಮಿಳುನಾಡಿನ ಚೆಟ್ಟಿನಾಡಿನಲ್ಲಿರುವ ಆತಂಗುಡಿ ಎಂಬ ಗ್ರಾಮದಲ್ಲಿ ಗಾಜಿನ ಮೇಲೆ ಹೂಬಳ್ಳಿಗಳನ್ನು ಎರಕ ಹೊಯ್ದು ಕೈಯಿಂದಲೇ ಇದನ್ನು ಮಾಡುತ್ತಾರೆ. ಮುಂಬಯಿಯಲ್ಲಿಯೂ ಸ್ವದೇಶಿಯ ಉತ್ಸಾಹದ ದಿನಗಳಲ್ಲಿ, 1922ರಲ್ಲಿ, ಭಾರತ್ ಫ್ಲೋರಿಂಗ್ಸ್ ಎಂಬ ಸಂಸ್ಥೆ ಹುಟ್ಟಿ, ವಿದೇಶದ ಬಿಲ್ಲೆಗಳಿಗೆ ಬದಲಾಗಿ ಇಲ್ಲಿಯೇ ಸಿಮೆಂಟಿನ ಬಿಲ್ಲೆಗಳನ್ನು ತಯಾರಿಸತೊಡಗಿತು. ಬಿಲ್ಲೆಗೆ ಭಟ್ಟಿ ಇಲ್ಲವೆಂಬುದು ನಿಜ. ಆದರೆ ಅದರೊಳಗಿನ ಸಿಮೆಂಟು ಭಟ್ಟಿಯಿಂದಲೇ ಬಂದದ್ದೆಂಬುದನ್ನು ಮರೆಯಬಾರದು. ಇದು ನೀರನ್ನು ಸ್ವಲ್ಪ ಹೀರುತ್ತದೆ, ಕಲೆ ಹಿಡಿಯುತ್ತದೆ. ಪಡಸಾಲೆಗೆ ಬಲು ಸೊಗಸು, ಬಚ್ಚಲಿಗೆ ಮಧ್ಯಮ.

ಮಣ್ಣಿನ ಬಿಲ್ಲೆ. ಮಂಗಳೂರಿನ ಹೆಂಚನ್ನು ನೀವೆಲ್ಲರೂ ಬಲ್ಲಿರಿ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಅಂಥದೇ ಕೆಂಪು ಮಣ್ಣಿನ ನೆಲದ ಬಿಲ್ಲೆಗಳೂ ದೊರೆಯುತ್ತವೆ. ಟೈಲಿಗಿಂತ ಕಡಿಮೆ ಉಷ್ಣತೆಯಲ್ಲಿ ಬೇಯುತ್ತವೆ, ಕಾಲಿಗೆ ಹಿತವಾಗಿರುತ್ತವೆ. ಆದರೆ ನೀರನ್ನು ಹೀರುತ್ತವೆ. ಮುಂಬಯಿಯ ಮಳೆಗಾಲದಲ್ಲಿ ಬಚ್ಚಲಿನಲ್ಲಿದ್ದರೆ ಒಣಗುವುದೇ ಇಲ್ಲ, ಪಾಚಿ ಕಟ್ಟುವುದು. ಕರಾವಳಿ, ಮಲೆನಾಡುಗಳ ಹಳೆಯ ಮನೆಗಳಲ್ಲಿರುವ ಕೆಂಪು ಗಾರೆಯ ನುಣುಪು ನೆಲವೂ ಹಾಗೆಯೇ: ಒಣಗಿದ ಕೋಣೆಗೆ ಭೂಷಣ, ಸಾಬೂನಿನ ನೀರು ಬಿದ್ದರೆ ಅಪಾಯ.

ಅಮೃತಶಿಲೆ ಮತ್ತು ಗ್ರಾನೈಟು. ಅಮೃತಶಿಲೆಯೂ ಸುಣ್ಣಕಲ್ಲಿನ ವಂಶದ್ದೇ. ಮೆರುಗು ಕೊಟ್ಟದ್ದು ಬಚ್ಚಲಿಗೆ ಸಲ್ಲದು. ನಮ್ಮ ಇಳಕಲ್ಲಿನ ಕೆಂಪು ಗ್ರಾನೈಟು ಆಮ್ಲಕ್ಕೂ ಸವೆತಕ್ಕೂ ಜಗ್ಗದು. ಆದರೆ ಅಷ್ಟು ಗಟ್ಟಿಯಾದುದನ್ನು ಕೊಯ್ಯುವುದಕ್ಕೆ ವಜ್ರದ ಹಲ್ಲಿನ ಗರಗಸವೂ ಹೆಚ್ಚು ವಿದ್ಯುತ್ತೂ ಬೇಕು. ಅದನ್ನು ಹಾಕುವುದಾದರೆ ಮೇಲ್ಮೈಯನ್ನು ಒರಟುಮಾಡಿದುದನ್ನೇ ಹಾಕಬೇಕು.

ಬಿದಿರು, ಕಾರ್ಕು, ಲಿನೋಲಿಯಂ. ಪಶ್ಚಿಮ ದೇಶಗಳ ಪುಸ್ತಕಗಳಲ್ಲಿ ಹಸಿರು ನೆಲವೆಂದರೆ ಇವುಗಳ ಹೊಗಳಿಕೆಯೇ ಹೆಚ್ಚು. ಅದು ಸುಳ್ಳಲ್ಲ. ಬಿದಿರು ಬೇಗ ಬೆಳೆಯುವ ಹುಲ್ಲು. ಕಾರ್ಕು ಎಂಬುದು ಪೋರ್ತುಗಲ್ ಮೊದಲಾದೆಡೆಗಳಲ್ಲಿ ಬೆಳೆಯುವ ಒಂದು ಜಾತಿಯ ಓಕ್ ಮರದ ತೊಗಟೆ. ಮರವನ್ನು ಕಡಿಯದೆ ಒಂಬತ್ತು ವರ್ಷಕ್ಕೊಮ್ಮೆ ಸುಲಿಯುತ್ತಾರೆ. ಲಿನೋಲಿಯಂ ಅಗಸೆಯೆಣ್ಣೆಯಿಂದಲೂ ಕಾರ್ಕಿನ ಪುಡಿಯಿಂದಲೂ ಮಾಡಿದ ಹಾಸು. ಬೆನ್ನಿಗೆ ಸೆಣಬಿನ ಬಟ್ಟೆ. ಆದರೆ ಆ ದೇಶಗಳವರು ತೊಟ್ಟಿಯೊಳಗೆ ಕುಳಿತು ಸ್ನಾನ ಮಾಡುತ್ತಾರೆ. ಅವರ ನೆಲಕ್ಕೆ ಬೀಳುವುದು ನಾಲ್ಕು ಹನಿ. ನಾವು ಬಕೆಟ್ಟಿನಿಂದ ತಂಬಿಗೆ ತಂಬಿಗೆಯಾಗಿ ನೀರನ್ನು ಹೊಯ್ದುಕೊಳ್ಳುವವರು. ನಮ್ಮ ನೆಲ ತುಂಬಿದ ಹೊಳೆ. ಬಿದಿರಿನ ಹಲಗೆ ಇಲ್ಲಿ ಉಬ್ಬಿ ಕೊಳೆಯುವುದು. ಎರಡು ವರ್ಷಗಳಲ್ಲಿ ಕಿತ್ತೆಸೆಯಬೇಕಾದ ವಸ್ತು ಎಷ್ಟು ಹಸಿರಾಗಿದ್ದರೇನು? ಪ್ಲಾಸ್ಟಿಕ್ಕಿನ ವಿನೈಲ್ ಹಾಳೆಯಾದರೋ ನೀರಿಗೆ ಹೆದರದು. ಆದರೆ ಎಸೆದ ಮೇಲೆ ಕೊಳೆಯದು, ಸುಟ್ಟರೆ ವಿಷದ ಹೊಗೆ.

ಒಡೆದ ಚೂರುಗಳು. ಅಂಗಡಿಗಳಲ್ಲಿಯೂ ಕಟ್ಟಡ ಕೆಡಹುವ ಸ್ಥಳಗಳಲ್ಲಿಯೂ ಒಡೆದ ಟೈಲಿನ ಚೂರುಗಳು ರಾಶಿಯಾಗಿ ಬಿದ್ದಿರುತ್ತವೆ. ಅವುಗಳನ್ನು ಗಾರೆಯಲ್ಲಿ ಒತ್ತಿ ಕೂರಿಸಿ ಮಾಡಿದ ನೆಲಕ್ಕೆ ಚೈನಾ ಮೊಸಾಯಿಕ್ ಎಂದು ಹೆಸರು. ಚಂಡೀಗಢದಲ್ಲಿ ನೇಕ್ ಚಂದ್ ಎಂಬವರು ಇಂಥ ಚೂರುಗಳಿಂದಲೂ ಎಸೆದ ಸಾಮಾನುಗಳಿಂದಲೂ ನಿರ್ಮಿಸಿದ ಶಿಲೋದ್ಯಾನವು 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅದನ್ನು ನೋಡಲು ದೂರದೂರದಿಂದ ಜನರು ಬರುತ್ತಾರೆ. ಚೂರಿನ ನೆಲದಲ್ಲಿ ಸಂದುಗಳು ಹೆಚ್ಚಾದುದರಿಂದ ಕಾಲು ಹಿಡಿಯುತ್ತದೆ. ಅಂಚು ಮೊನಚಾಗಿ ಉಳಿಯದಂತೆ ಗೌಂಡಿ ಎಚ್ಚರದಿಂದ ಕೂರಿಸಬೇಕು, ಅಷ್ಟೇ.

ಜಾರುವಿಕೆ ಮತ್ತು ತೊಳೆಯುವಿಕೆ

ಮೂರನೆಯ ಪ್ರಶ್ನೆಯನ್ನು ಕಡೆಗಿಟ್ಟಿದ್ದರೂ ನಮ್ಮ ಮನೆಯ ಮಟ್ಟಿಗೆ ಅದೇ ಮೊದಲನೆಯದು. ಹೊಳಪು ನೆಲದ ಮೇಲೆ ನೀರು ನಿಂತಾಗ ಪಾದಕ್ಕೂ ನೆಲಕ್ಕೂ ನಡುವೆ ತೆಳುವಾದ ಪೊರೆಯೊಂದು ಏರ್ಪಟ್ಟು, ಘರ್ಷಣೆ ಕಡಿಮೆಯಾಗುತ್ತದೆ. ಸಾಬೂನು ಅದನ್ನು ಇನ್ನೂ ತಗ್ಗಿಸುತ್ತದೆ. ಒರಟು ನೆಲದಲ್ಲಿಯಾದರೆ ನೀರು ಸಣ್ಣ ತಗ್ಗುಗಳಿಗೆ ಇಳಿದು, ಉಬ್ಬುಗಳು ಪಾದವನ್ನು ನೇರವಾಗಿ ಹಿಡಿಯುತ್ತವೆ. ಸೀಳಿದ ಫರಸಿಯ ಮೈ ಹಾಗೆ ಇರುತ್ತದೆ.

ಟೈಲಿನ ಗುಣವನ್ನು ತಿಳಿಸುವ ಪತ್ರಿಕೆಯಲ್ಲಿ ಕೆಲವೊಮ್ಮೆ ಆರ್ 9ರಿಂದ ಆರ್ 13ರವರೆಗಿನ ಅಂಕೆ ಇರುತ್ತದೆ. ಅಂಕೆ ಹೆಚ್ಚಾದಷ್ಟೂ ಹಿಡಿತ ಹೆಚ್ಚು. ಬಚ್ಚಲಿಗೆ ಆರ್ 10ಕ್ಕಿಂತ ಕಡಿಮೆಯದು ಬೇಡ. ಅಂಕೆ ಇಲ್ಲದಿದ್ದರೆ ಅಂಗಡಿಯಲ್ಲಿಯೇ ಒಂದು ಟೈಲನ್ನು ನೆಲದ ಮೇಲಿರಿಸಿ, ಸಾಬೂನಿನ ನೀರನ್ನು ಚಿಮುಕಿಸಿ, ಅಂಗೈಯಿಂದ ಒತ್ತಿ ತಳ್ಳಿನೋಡಿರಿ. ಅಂಗಡಿಯವನು ನಕ್ಕರೆ ನಗಲಿ. ಸಣ್ಣ ಅಳತೆಯ ಟೈಲುಗಳಾದರೆ ಸಂದುಗಳು ಹೆಚ್ಚಾಗಿ ಹಿಡಿತವೂ ಹೆಚ್ಚುವುದು. ಇಳಿಜಾರು ಒಂದು ಮೀಟರಿಗೆ ಒಂದೂವರೆ ಸೆಂಟಿಮೀಟರಿನಷ್ಟಿದ್ದರೆ ನೀರು ನಿಲ್ಲದೆ ಹರಿದುಹೋಗುವುದು.

ನೆಲದ ಕೆಳಗಿರುವುದನ್ನೂ ವಿಚಾರಿಸಬೇಕು. ಬಚ್ಚಲು ಸೋರಿ ಕೆಳಗಿನ ಮನೆಯವರೊಡನೆ ಜಗಳವಾಗುವುದನ್ನು ಈ ನಗರದಲ್ಲಿ ಯಾರು ಕಂಡಿಲ್ಲ? ಅಡಿಯಲ್ಲಿ ಇಟ್ಟಿಗೆಯ ಚೂರನ್ನು ಹರಡಿ ಗಾರೆ ಹಾಕಿ, ಮುಂಬಯಿಯ ಗೌಂಡಿಗಳು ಕೋಬಾ ಎನ್ನುವ ಪದರವನ್ನು ಮಾಡುತ್ತಾರೆ. ಅದಕ್ಕೆ ಹಾರುಬೂದಿ ಬೆರೆತ ಪೋಜೊಲಾನ ಸಿಮೆಂಟನ್ನು ಬಳಸಿದರೆ ಉತ್ತಮ. ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದು ಉಳಿದ ಬೂದಿಯನ್ನು ಅದರಲ್ಲಿ ನೂರಕ್ಕೆ 15ರಿಂದ 35 ಭಾಗದವರೆಗೆ ಬೆರೆಸಿರುತ್ತಾರೆ. ಅಷ್ಟು ಸುಣ್ಣಕಲ್ಲನ್ನು ಸುಡುವುದು ತಪ್ಪುತ್ತದೆ.

ಇನ್ನು ತೊಳೆಯುವ ವಿಷಯ. ಶಹಾಬಾದು, ಕೋಟಾ, ತಾಂಡೂರು, ಕಡಪ, ಅಮೃತಶಿಲೆ, ಇವುಗಳಿಗೆ ಆಮ್ಲವೇ ಶತ್ರು. ನಿಂಬೆಯ ರಸದ ಒಂದು ಹನಿಯನ್ನು ಇಂಥ ಕಲ್ಲಿನ ಮೇಲೆ ಬಿಟ್ಟುನೋಡಿದರೆ ಸಣ್ಣ ಗುಳ್ಳೆಗಳೆದ್ದು, ಒರೆಸಿದ ಮೇಲೆ ಆ ಜಾಗ ಮಾಸಿ ಕಾಣುವುದು. ಅಂಗಡಿಯ ಆ್ಯಸಿಡ್ಡಾದರೋ ಕಲ್ಲನ್ನೇ ತಿನ್ನುತ್ತದೆ. ಜನರು ಕಲ್ಲಿನ ನೆಲವನ್ನು ಆ್ಯಸಿಡ್ಡಿನಿಂದ ತೊಳೆದು, ಅದು ಹಾಳಾದ ಮೇಲೆ ಕಲ್ಲನ್ನೇ ದೂರುತ್ತಾರೆ. ಸೌಮ್ಯವಾದ ಸಾಬೂನು, ತೆಂಗಿನ ನಾರು, ಧಾರಾಳ ನೀರು, ಇಷ್ಟೇ ಸಾಕು. ಇನ್ನೊಂದು ಮಾತನ್ನು ಗಟ್ಟಿಯಾಗಿ ನೆನಪಿಡಿರಿ: ಆ್ಯಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಒಟ್ಟಿಗೆ ಹಾಕಕೂಡದು. ಅವೆರಡೂ ಕೂಡಿದರೆ ಕ್ಲೋರಿನ್ ವಾಯು ಹೊರಡುವುದು. ಕಿಟಕಿಯಿಲ್ಲದ ಪುಟ್ಟ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಮನೆಯಲ್ಲಿ ತಾಯಿಯವರಿಗೂ ಅಜ್ಜಿಯವರಿಗೂ ಇದನ್ನು ತಿಳಿಸಿರಿ.

ಉಳಿದ ಒಂದು ಕಲ್ಲು

ತಾಯಿಯವರು ಬಿದ್ದ ಮೇಲೆ ನಾವು ಮೊದಲು ಯೋಚಿಸಿದ್ದು ಟೈಲುಗಳನ್ನೆಲ್ಲ ಕಿತ್ತು ಮತ್ತೆ ಕಲ್ಲು ಹಾಸಬೇಕೆಂದು. ಲೆಕ್ಕವನ್ನು ಮಾಡಿನೋಡಿದಾಗ ಅದು ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪೆಂದು ತಿಳಿಯಿತು. ಭಟ್ಟಿಯಲ್ಲಿ ಸುಟ್ಟು ಬಂದ ಹೊಸ ಟೈಲು ಮತ್ತೆ ಕಸವಾಗುತ್ತಿತ್ತು.

ಅಷ್ಟರಲ್ಲಿ ಚಾಳಿನ ನಲ್ಲಿಯ ಬಳಿ ನಮ್ಮ ಹಳೆಯ ಫರಸಿಯೊಂದು ಕಣ್ಣಿಗೆ ಬಿದ್ದಿತು. ಅಂದು ಬೀದಿಯ ಬದಿಗೆ ಬಿದ್ದಿದ್ದ ರಾಶಿಯಿಂದ ಒಡೆಯದೆ ಉಳಿದಿದ್ದ ಒಂದು ಚಪ್ಪಡಿಯನ್ನು ಕೆಳಗಿನ ಮನೆಯ ಮೌಶಿಯವರು ಎತ್ತಿ ತಂದು, ಬಟ್ಟೆ ಒಗೆಯುವ ಕಲ್ಲನ್ನಾಗಿ ಮಾಡಿಕೊಂಡಿದ್ದರು. ವಿಷಯವನ್ನು ತಿಳಿಸಿ ಕೇಳಿದಾಗ ಅವರು ಒಂದು ಮಾತೂ ಆಡದೆ ಕೊಟ್ಟರು. ಅವರಿಗೆ ಬೇರೊಂದು ಕಲ್ಲನ್ನು ನಾವು ತಂದುಕೊಟ್ಟೆವು. ಗೌಂಡಿ ಸ್ನಾನಕ್ಕೆ ಕುಳಿತುಕೊಳ್ಳುವ ಸ್ಥಳದ ನಾಲ್ಕು ಟೈಲುಗಳನ್ನು ಮಾತ್ರ ಬಿಡಿಸಿ, ಅಡಿಯನ್ನು ತಗ್ಗಿಸಿ, ಚಪ್ಪಡಿಯನ್ನು ಕೂರಿಸಿದನು. ಗೋಡೆಗೆ ಒಂದು ಹಿಡಿಕೆಯನ್ನೂ ಹಾಕಿಸಿದೆವು.

ಬಿಳಿಯ ಟೈಲಿನ ನಡುವೆ ಬೂದುಬಣ್ಣದ ಆ ಕಲ್ಲು ಚೆಂದವಾಗಿ ಕಾಣುವುದೆಂದು ಹೇಳಲಾರೆವು. ಬಂದವರು, “ಇದೇನು ತೇಪೆ?” ಎಂದು ಕೇಳುವುದುಂಟು. ಕಳೆದ ದೀಪಾವಳಿಗೆ ಊರಿನಿಂದ ಬಂದ ತಾಯಿಯವರು ಮಾತ್ರ ಅದರ ಮೇಲೆ ಕಾಲಿಟ್ಟು, ಒಂದು ಸಾರಿ ಒತ್ತಿನೋಡಿ, ಹಿಡಿಕೆಯನ್ನು ಹಿಡಿಯದೆಯೇ ನಿಂತರು.

ಆದುದರಿಂದ ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ನೆಲದ ಮಾತು ಬಂದಾಗ ಮೊದಲು ಇರುವ ನೆಲವನ್ನು ನೋಡಿರಿ. ಗಟ್ಟಿಯಾಗಿದ್ದರೆ ಉಳಿಸಿರಿ. ಹೊಸದನ್ನು ತರಲೇಬೇಕಾದರೆ ಹತ್ತಿರದ್ದನ್ನು, ಕಡಿಮೆ ಬೆಂಕಿಯದನ್ನು, ಒರಟಾದುದನ್ನು, ಬಹುಕಾಲ ಬಾಳುವುದನ್ನು ಆರಿಸಿರಿ. ಬಣ್ಣವನ್ನು ಕಡೆಗೆ ಕೇಳಿರಿ.

ಅಭ್ಯಾಸ

1. ನಿಮ್ಮ ಮನೆಯ ಬಚ್ಚಲಿನ ನೆಲದ ಉದ್ದಗಲಗಳನ್ನು ಅಳೆದು, ಎರಡೂವರೆ ಸೆಂಟಿಮೀಟರು ದಪ್ಪದ ಫರಸಿಗೂ ಎಂಟು ಮಿಲಿಮೀಟರು ದಪ್ಪದ ಟೈಲಿಗೂ ತೂಕವನ್ನು ಲೆಕ್ಕಮಾಡಿರಿ.

2. 117 ಕಿಲೋಗ್ರಾಂ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ ಎಷ್ಟು ಇಂಗಾಲದ ಡೈ ಆಕ್ಸೈಡ್ ಹೊರಡುವುದು?

3. ನಿಮ್ಮ ಮನೆಯ ನೆಲದ ಕಲ್ಲು ಅಥವಾ ಟೈಲು ಯಾವ ಊರಿನದೆಂದು ಹಿರಿಯರನ್ನು ಕೇಳಿ, ಭಾರತದ ನಕ್ಷೆಯಲ್ಲಿ ಆ ಊರನ್ನು ಗುರುತಿಸಿರಿ.

4. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರನ್ನು ಕರೆದು, ಬಚ್ಚಲಿನಲ್ಲಿ ಎಲ್ಲಿ ಕಾಲು ಜಾರುವುದೆಂದು ಕೇಳಿ, ಆ ಸ್ಥಳಕ್ಕೆ ಏನು ಮಾಡಬಹುದೆಂಬುದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.